ಎಫ್‌ಎಸ್‌ಟ್ಯಾಬ್‌ನಿಂದ ಮೌಂಟ್ ಮಾಡಿದರೆ ಕನ್ನಡ ಫೈಲ್ ಹೆಸರೆಲ್ಲ ????? ಆಗುತ್ತಿದೆ (ಉಬುಂಟು, ಫ್ಯಾಟ್32)

ತಾಳಮದ್ದಳೆ_ಪ್ರಿಯ:
ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಲಿನಕ್ಸ್ ಹಾಕಿ ಜೆಲ್ಲಿಫಿನ್ (ಮನೆಯ ನೆಟ್‌ವರ್ಕ್‌ನಲ್ಲೇ ಟಿವಿಗೆ ವಿಡಿಯೊ ಕಳಿಸೋ ಸರ್ವರ್) ಓಡಿಸ್ತಿದ್ದೀನಿ. ತಾಳಮದ್ದಳೆ ರೆಕಾರ್ಡಿಂಗ್ ಎಲ್ಲ ಯುಎಸ್‌ಬಿ ಹಾರ್ಡ್ ಡಿಸ್ಕ್‌ನಲ್ಲಿವೆ. 320 ಜಿಬಿ, ಫ್ಯಾಟ್32. ಟಿವಿ ಬೇರೆ ಫಾರ್ಮ್ಯಾಟ್ ಓದಲ್ಲ ಅಂತ ಆಗ ಹಾಗೆ ಮಾಡಿದ್ದು. ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ತೆರೆದರೆ ಎಲ್ಲ ಸರಿ. ಬೂಟ್ ಆದಾಗಲೇ ಬರಲಿ ಅಂತ ಎಫ್‌ಎಸ್‌ಟ್ಯಾಬ್‌ಗೆ (ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು ಅನ್ನೋ ಪಟ್ಟಿಯ ಫೈಲ್) ಸಾಲು ಸೇರಿಸಿದೆ: ವಿಫ್ಯಾಟ್ (ಫ್ಯಾಟ್32ಗೆ ಲಿನಕ್ಸ್‌ನಲ್ಲಿ ಬರೆಯೋ ಹೆಸರು), ಡಿಫಾಲ್ಟ್ಸ್, 0, 2. ಈಗ ‘ಕರ್ಣಪರ್ವ’ ಫೋಲ್ಡರ್ ಇದ್ದ ಕಡೆ ಬರೀ ಪ್ರಶ್ನೆಚಿಹ್ನೆ, ತೆರೆಯೋಕೂ ಆಗ್ತಿಲ್ಲ. ಹೊಸ ಫೈಲ್ ಹಾಕೋಣ ಅಂದ್ರೆ ಪರ್ಮಿಷನ್ ಇಲ್ಲ. ಡಿಸ್ಕ್ ಸಿಕ್ಕಿಸದೆ ಆನ್ ಮಾಡಿದರಂತೂ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್. ಡಿಸ್ಕ್ ಕೆಟ್ಟಿದೆಯಾ?

ಟರ್ಮಿನಲ್_ಕಿಟ್ಟಿ:
ಸುಡೋ ಹಾಕಿ (ಅಡ್ಮಿನ್ ಆಗಿ) ಚ್‌ಮಾಡ್ 777 (ಎಲ್ಲರಿಗೂ ಪೂರ್ತಿ ಪರ್ಮಿಷನ್) ಕೊಡಿ ಬ್ರೋ, ಬರೆಯೋಕೆ ಬರುತ್ತೆ. ಹೆಸರು ಸರಿಮಾಡೋಕೆ ರಿನೇಮ್ ಟೂಲ್ ಇವೆ.

ಕರ್ನಲ್_ಮಾವ:
ಎರಡೂ ಬೇಡ. ರಿನೇಮ್ ಟೂಲ್ ಅಂತೂ ಮುಟ್ಟಲೇಬೇಡಿ. ಡಿಸ್ಕ್ ಮೇಲೆ ಹೆಸರುಗಳು ಕ್ಷೇಮವಾಗಿವೆ. ಫ್ಯಾಟ್‌ನ ಉದ್ದ ಹೆಸರುಗಳು ಯುಟಿಎಫ್-16 ಅನ್ನೋ ಅಕ್ಷರ ಸಂಕೇತದಲ್ಲಿ ಇರುತ್ತವೆ, ಕನ್ನಡ ಅದರಲ್ಲಿ ಪೂರ್ತಿ ಹಿಡಿಯುತ್ತೆ. ತೊಂದರೆ ಇರೋದು ಓದಿ ತೋರಿಸೋ ಕಡೆ. ನೀವು ಕ್ಲಿಕ್ ಮಾಡಿದಾಗ ಯುಡಿಸ್ಕ್ಸ್ (ಡಿಸ್ಕ್ ಮೌಂಟ್ ಮಾಡಿಕೊಡೋ ಸರ್ವಿಸ್) ತಾನೇ ‘ಯುಟಿಎಫ್8’ ಅನ್ನೋ ಆಪ್ಷನ್ ಸೇರಿಸಿ ಮೌಂಟ್ ಮಾಡುತ್ತೆ, ಒಡೆತನವನ್ನೂ ನಿಮ್ಮ ಹೆಸರಿಗೇ ಕೊಡುತ್ತೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಬರೀ ಡಿಫಾಲ್ಟ್ಸ್ ಅಂದರೆ ಇವೆರಡೂ ಇಲ್ಲ. ಉಬುಂಟು ಕರ್ನಲ್ ಐಎಸ್‌ಒ 8859-1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರ ಸಂಕೇತ) ಹಿಡಿದು ಕೂರುತ್ತೆ. ಅದರಲ್ಲಿ ಕನ್ನಡ ಎಲ್ಲಿಂದ ಬರಬೇಕು?

ಡಿಫಾಲ್ಟ್ಸ್ ತೆಗೆದು ಅಲ್ಲಿ ಇದನ್ನು ಹಾಕಿ (ಫೈಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ):

ಯುಟಿಎಫ್8,ಯುಐಡಿ=1000,ಜಿಐಡಿ=1000,ಯುಮಾಸ್ಕ್=022,ನೋಫೇಲ್

ಕಾಮಾ ಆದಮೇಲೆ ಸ್ಪೇಸ್ ಬಿಡಬೇಡಿ. ಆ ಫೈಲ್‌ನಲ್ಲಿ ಸ್ಪೇಸ್ ಅಂದರೆ ಮುಂದಿನ ಕಾಲಂ ಶುರು ಅಂತ ಅರ್ಥ. ಐಒಚಾರ್‌ಸೆಟ್=ಯುಟಿಎಫ್8 ಅಂತ ಬರೆಯೋ ಸಲಹೆಯೂ ಎಲ್ಲೆಡೆ ಸಿಗುತ್ತೆ. ಹೆಸರು ಅದರಲ್ಲೂ ಸರಿಯಾಗುತ್ತೆ, ಆದರೆ ಫೈಲ್‌ಸಿಸ್ಟಮ್ ದೊಡ್ಡಕ್ಷರ-ಸಣ್ಣಕ್ಷರ ಭೇದ ಮಾಡೋಕೆ ಶುರುಮಾಡುತ್ತೆ. ಕರ್ನಲ್ಲೇ ಲಾಗ್‌ನಲ್ಲಿ ಅದು ಬೇಡ ಅಂತ ಗೊಣಗುತ್ತೆ.

ಕಿಟ್ಟಿ, ಫ್ಯಾಟ್‌ನಲ್ಲಿ ಲಿನಕ್ಸ್ ಪರ್ಮಿಷನ್ ಬರೆದಿಡೋಕೆ ಜಾಗವೇ ಇಲ್ಲ ಮಾರಾಯ. ಚ್‌ಮಾಡ್ ಕೊಟ್ಟು ಏನು ಪ್ರಯೋಜನ? ಮೌಂಟ್ ಆಗುವಾಗ ಏನು ಹೇಳಿದ್ದೀವೋ ಅದೇ ಎಲ್ಲ ಫೈಲ್‌ಗೂ. ಯುಮಾಸ್ಕ್ 022 ಅಂದರೆ ನೀವು ಬರೆಯಬಹುದು, ಉಳಿದವರು ಓದಬಹುದು. ಜೆಲ್ಲಿಫಿನ್ ಬೇರೆ ಯೂಸರ್ ಹೆಸರಲ್ಲಿ ಓಡೋದರಿಂದ ಅದಕ್ಕೆ ಓದುವ ಹಕ್ಕು ಸಾಕು. ಯುಐಡಿ, ಜಿಐಡಿ ಅಂದರೆ ಯೂಸರ್ ಮತ್ತು ಗುಂಪಿನ ನಂಬರ್. 1000 ನಿಮ್ಮದೇ ನಂಬರ್ ಹೌದಾ ಅಂತ ‘ಐಡಿ’ ಕಮಾಂಡ್ ಕೊಟ್ಟು ನೋಡ್ಕೊಳ್ಳಿ.

ಒಂದೂವರೆ ನಿಮಿಷ ಕಾಯೋದು ಸಿಸ್ಟಂಡಿ (ಬೂಟ್ ಕೆಲಸ ನಡೆಸೋ ಪ್ರೋಗ್ರಾಂ). ಅದರ ಗಡುವು 90 ಸೆಕೆಂಡ್. ನೋಫೇಲ್ ಇದ್ದರೆ ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯುತ್ತೆ. ಕೊನೆಯ 2 ತೆಗೆದು 0 ಮಾಡಿ ಅಂತ ನನ್ನ ಅಭಿಪ್ರಾಯ. ಸಿಕ್ಕಿಸಿ ಕೀಳೋ ಡಿಸ್ಕ್‌ಗೆ ಬೂಟ್ ಹೊತ್ತಿನ ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣೆ) ಬೇಡ, ಬೇಕಾದಾಗ ಕೈಯಾರೆ ಮಾಡಿ.

ತಾಳಮದ್ದಳೆ_ಪ್ರಿಯ:
ಧನ್ಯವಾದ ಮಾವ. ಸಾಲು ಬದಲಿಸಿ ರಿಮೌಂಟ್ ಕೊಟ್ಟೆ. ಎರರ್ ಬರಲಿಲ್ಲ, ಆದರೆ ಪ್ರಶ್ನೆಚಿಹ್ನೆ ಹಾಗೇ ಇದೆ. ಅನ್‌ಮೌಂಟ್ ಕೊಟ್ಟರೆ ‘ಟಾರ್ಗೆಟ್ ಈಸ್ ಬ್ಯುಸಿ’.

ಕರ್ನಲ್_ಮಾವ:
ವಿಫ್ಯಾಟ್‌ನಲ್ಲಿ ಈ ಆಪ್ಷನ್‌ಗಳು ರಿಮೌಂಟ್‌ಗೆ ಬಗ್ಗಲ್ಲ. ಪೂರ್ತಿ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಲೇಬೇಕು. ಬ್ಯುಸಿ ಮಾಡಿರೋದು ಬಹುಶಃ ಜೆಲ್ಲಿಫಿನ್ನೇ. ‘ಫ್ಯೂಸರ್ -ವಿಎಂ’ ಜೊತೆ ಮೌಂಟ್ ಪಾಯಿಂಟ್ ಕೊಟ್ಟರೆ ಯಾರು ಹಿಡಿದಿದ್ದಾರೆ ಅಂತ ಗೊತ್ತಾಗುತ್ತೆ. ಆ ಸರ್ವಿಸ್ ನಿಲ್ಲಿಸಿ, ಅನ್‌ಮೌಂಟ್ ಮಾಡಿ, ಸಿಸ್ಟಂಸಿಟಿಎಲ್ ಡೀಮನ್-ರಿಲೋಡ್ ಕೊಟ್ಟು, ‘ಮೌಂಟ್ -ಎ’. ರೀಬೂಟ್‌ಗೆ ಮುಂಚೆ ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ತಪ್ಪಿದ್ದರೆ ಅಲ್ಲೇ ಹೇಳುತ್ತೆ.

ಹಾಸನದ_ಹಾರ್ಡ್‌ಡಿಸ್ಕ್:
ನಡುವೆ ಬಾಯಿ ಹಾಕ್ತೀನಿ. ನೋಫೇಲ್‌ಗೆ ಇನ್ನೊಂದು ಮುಖ ಇದೆ. ಡಿಸ್ಕ್ ಬರದಿದ್ದರೆ ಆ ಜಾಗದಲ್ಲಿ ಖಾಲಿ ಫೋಲ್ಡರ್ ಉಳಿಯುತ್ತೆ, ಸುಡೋದಿಂದ ಓಡೋ ಬ್ಯಾಕಪ್ ಸ್ಕ್ರಿಪ್ಟ್ ಏನಾದರೂ ಇದ್ದರೆ ಅದರೊಳಗೇ ತುಂಬಿ ರೂಟ್ ಡಿಸ್ಕ್ ಭರ್ತಿ ಮಾಡಿಬಿಡುತ್ತೆ. ಡಿಸ್ಕ್ ಮೌಂಟ್ ಆಗಿರದ ಹೊತ್ತಲ್ಲಿ ಆ ಖಾಲಿ ಫೋಲ್ಡರ್‌ಗೆ ‘ಚ್‌ಆ್ಯಟರ್ +ಐ’ ಕೊಟ್ಟಿಡಿ. ಆಮೇಲೆ ಅದರಲ್ಲಿ ರೂಟ್ ಕೂಡ ಬರೆಯೋಕಾಗಲ್ಲ, ಡಿಸ್ಕ್ ಮೌಂಟ್ ಆಗೋಕೆ ಅಡ್ಡಿಯೂ ಇಲ್ಲ.

ತಾಳಮದ್ದಳೆ_ಪ್ರಿಯ:
ಜೆಲ್ಲಿಫಿನ್ನೇ ಹಿಡಿದಿತ್ತು. ನಿಲ್ಲಿಸಿ ಮಾಡಿದೆ, ಹೆಸರೆಲ್ಲ ಬಂತು, ಬರೆಯೋಕೂ ಆಗ್ತಿದೆ. ಒಂದೇ ಉಳಿದಿರೋದು: ಇಡೀ ರಾತ್ರಿಯ ಪ್ರಸಂಗದ 6 ಜಿಬಿ ವಿಡಿಯೊ ಕಾಪಿ ಮಾಡಿದರೆ 4 ಜಿಬಿಗೆ ನಿಂತುಹೋಗುತ್ತೆ. ಇದಕ್ಕೆ ಯಾವ ಆಪ್ಷನ್?

ಕರ್ನಲ್_ಮಾವ:
ಇದಕ್ಕೆ ಆಪ್ಷನ್ ಇಲ್ಲ. ಫ್ಯಾಟ್32ರಲ್ಲಿ ಫೈಲ್ ಗಾತ್ರ ಬರೆಯೋ ಜಾಗವೇ 32 ಬಿಟ್, 4 ಜಿಬಿ ದಾಟಲ್ಲ. ಅದಿರಲಿ, ಜೆಲ್ಲಿಫಿನ್ ಬಂದಮೇಲೆ ಡಿಸ್ಕನ್ನ ಟಿವಿಗೆ ಸಿಕ್ಕಿಸ್ತೀರಾ? ಇಲ್ಲ ಅಂದರೆ ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟು ಲಿನಕ್ಸ್‌ನದೇ ಆದ ಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿ. ವಿಂಡೋಸ್‌ಗೂ ಬೇಕಿದ್ದರೆ ಎಕ್ಸ್‌ಫ್ಯಾಟ್, ಅದು 2019ರ 5.4 ಕರ್ನಲ್‌ನಿಂದ ಒಳಗೇ ಇದೆ.

ಎಕ್ಸ್‌ಟಿ4ಗೆ ಹೋದರೆ ಯುಟಿಎಫ್8, ಯುಐಡಿ, ಜಿಐಡಿ, ಯುಮಾಸ್ಕ್ ನಾಲ್ಕನ್ನೂ ಆ ಸಾಲಿನಿಂದ ಅಳಿಸಿ, ವಿಫ್ಯಾಟ್ ಇದ್ದಲ್ಲಿ ಎಕ್ಸ್‌ಟಿ4 ಅಂತ ಹಾಕಿ, ಫಾರ್ಮ್ಯಾಟ್ ಆದಮೇಲೆ ಬದಲಾಗೋ ಯುಯುಐಡಿಯನ್ನೂ (ಡಿಸ್ಕ್‌ನ ಗುರುತಿನ ಸಂಖ್ಯೆ) ತಿದ್ದಿ. ಆ ಆಪ್ಷನ್‌ಗಳು ಉಳಿದರೆ ಎಕ್ಸ್‌ಟಿ4 ಮೌಂಟ್ ಆಗೋಕೇ ಒಪ್ಪಲ್ಲ, ನೋಫೇಲ್ ಇರೋದರಿಂದ ಬೂಟ್ ಹೊತ್ತಲ್ಲಿ ನಿಮಗೆ ಅದು ಗೊತ್ತೂ ಆಗಲ್ಲ. ಒಡೆತನಕ್ಕೆ ಮೌಂಟ್ ಆದಮೇಲೆ ಒಂದು ಸಲ ಚೌನ್ ಕೊಟ್ಟರಾಯ್ತು.