ಹೊಸ ವರ್ಷಕ್ಕೆ ಸಂಕಲ್ಪದ ಪಟ್ಟಿ ಬಿಟ್ಟು ಕಥೆ ಬರೆದರೆ ಮನಸ್ಸು ಬದಲಾದೀತೇ?

ಪ್ರಶ್ನೆ: ತಿಪಟೂರಿನ ಓದುಗ

ನಾನು ತಿಪಟೂರು ತಾಲ್ಲೂಕಿನವನು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಪ್ರತಿ ಜನವರಿಯಲ್ಲೂ ಹೊಸ ಡೈರಿಯ ಮೊದಲ ಪುಟದಲ್ಲಿ ‘ಸಿಟ್ಟು ಬಿಡಬೇಕು, ಹಳೆಯದನ್ನು ಮರೆಯಬೇಕು’ ಎಂದು ಬರೆಯುತ್ತೇನೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ಆ ಡೈರಿಯಲ್ಲಿ ಹಾಲಿನ ಲೆಕ್ಕವೊಂದೇ ಉಳಿದಿರುತ್ತದೆ. ಸಿಟ್ಟಿನ ಮೂಲ ನನಗೆ ತಿಳಿಯದ್ದೇನಲ್ಲ. ತಂದೆಯವರು ತೀರಿಕೊಂಡ ಮೇಲೆ ತೆಂಗಿನ ತೋಟ ಪಾಲಾದಾಗ ಕೊಳವೆಬಾವಿಯಿರುವ ಭಾಗ ಅಣ್ಣನಿಗೆ ಹೋಯಿತು, ನೀರು ಹಂಚಿಕೊಳ್ಳುವ ಒಪ್ಪಂದ ಬಾಯಿಮಾತಿನಲ್ಲೇ ಉಳಿಯಿತು, ಅಲ್ಲಿಂದೀಚೆಗೆ ಯುಗಾದಿಯಂದು ನಾವಿಬ್ಬರೂ ಒಂದು ಪಂಕ್ತಿಯಲ್ಲಿ ಕುಳಿತು ಉಂಡಿಲ್ಲ.

ದಿನಚರಿ ಬರೆಯಲು ಕುಳಿತರೆ ಅದೇ ದೂರು, ಅದೇ ಮಾತುಗಳಲ್ಲಿ ಬರುತ್ತದೆ. ಬರೆದು ಎದ್ದಾಗ ಸಿಟ್ಟು ಇನ್ನಷ್ಟು ಗಟ್ಟಿಯಾಗಿರುತ್ತದೆ. ಕಾಲೇಜಿನಲ್ಲಿದ್ದಾಗ ಕಥೆ ಬರೆಯುವ ಹವ್ಯಾಸವಿತ್ತು. ಜನವರಿಯಿಂದ ಯುಗಾದಿಯವರೆಗೆ ಇದನ್ನೇ ಕಥೆಯಾಗಿ ಬರೆದರೆ ಒಳಗೆ ಏನಾದರೂ ಸಡಿಲವಾದೀತೇ, ಅಥವಾ ಅದೂ ದಿನಚರಿಯ ಹಾದಿಯನ್ನೇ ಹಿಡಿದೀತೇ? ಬಲ್ಲವರು ತಿಳಿಸಬೇಕು.

ಉತ್ತರ: ತುಮಕೂರಿನ ಕನ್ನಡ ಅಧ್ಯಾಪಕ

ನಿಮ್ಮ ದಿನಚರಿಯಲ್ಲಿ ದೂರು ಕೊಡುವವರೂ ನೀವೇ, ಸಾಕ್ಷಿ ಹೇಳುವವರೂ ನೀವೇ, ತೀರ್ಪು ಬರೆಯುವವರೂ ನೀವೇ. ಹೀಗಿರುವಾಗ ಸಿಟ್ಟು ಕರಗುವುದಾದರೂ ಹೇಗೆ? ಕಥೆಗೆ ಈ ಸ್ವಾತಂತ್ರ್ಯವಿಲ್ಲ. ಅಣ್ಣ ಎಂಬ ಪಾತ್ರ ಏಕೆ ಹಾಗೆ ನಡೆದುಕೊಂಡಿತು ಎಂಬುದಕ್ಕೆ ಓದುಗ ನಂಬುವಂಥ ಕಾರಣ ಕೊಡದಿದ್ದರೆ ಕಥೆ ಮುಂದಕ್ಕೆ ಹೋಗುವುದೇ ಇಲ್ಲ.

ಆದ್ದರಿಂದ ಪಾಲು ಮಾಡಿದ ಆ ಒಂದು ದಿನವನ್ನಷ್ಟೇ ತೆಗೆದುಕೊಳ್ಳಿ, ಇಡೀ ಬದುಕನ್ನಲ್ಲ. ಮೊದಲು ನಿಮಗೆ ಬೇರೊಂದು ಹೆಸರಿಟ್ಟು, ‘ನಾನು’ ಎನ್ನುವಲ್ಲೆಲ್ಲ ‘ಅವನು’ ಎಂದು ಬರೆಯಿರಿ. ಆಮೇಲೆ ಅದೇ ದಿನವನ್ನು ಅಣ್ಣನ ಬಾಯಿಂದ ಹೇಳಿಸಿ. ಮೂರನೆಯ ಸಲ, ತೋಟ ಅಳೆಯಲು ಬಂದ ಸರ್ವೆಯವನ ಕಣ್ಣಿನಿಂದ ನೋಡಿ. ಅವನಿಗೆ ನಿಮ್ಮಿಬ್ಬರಲ್ಲಿ ಯಾರ ಮೇಲೂ ಪ್ರೀತಿಯಿಲ್ಲ, ದ್ವೇಷವೂ ಇಲ್ಲ, ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಬಸ್ಸು ಹಿಡಿಯಬೇಕಾಗಿದೆ, ಅಷ್ಟೆ. ಅಣ್ಣನ ಭಾಗ ಬರೆಯುವಾಗ ‘ಸ್ವಾರ್ಥಿ’, ‘ಮೋಸಗಾರ’ ಎಂಬಂಥ ಮಾತುಗಳನ್ನು ದೂರವಿಡಿ. ಅಳತೆಯ ಸರಪಳಿಯನ್ನು ಯಾರು ಹಿಡಿದರು, ಮರಗಳನ್ನು ಯಾರು ಎಣಿಸಿದರು, ಅತ್ತಿಗೆ ಕಾಫಿ ತಂದಾಗ ಯಾರು ಬೇಡವೆಂದರು ಎಂಬಂತಹ ಕಂಡದ್ದು, ಕೇಳಿದ್ದು ಮಾತ್ರ ಇರಲಿ. ಅಣ್ಣನ ಮುಂದಿನ ಮಾತು ಹೊಳೆಯದೆ ಪೆನ್ನು ನಿಲ್ಲುವ ಜಾಗವಿದೆಯಲ್ಲ, ನಿಜವಾದ ಕೆಲಸವಿರುವುದು ಅಲ್ಲಿ, ಏಕೆಂದರೆ ಅಣ್ಣನ ಬಗ್ಗೆ ನಿಮಗೆ ಗೊತ್ತಿಲ್ಲದ್ದೇನೋ ಅಲ್ಲಿರುತ್ತದೆ.

ಕೊನೆಯಲ್ಲಿ ಅಣ್ಣತಮ್ಮಂದಿರನ್ನು ಒಂದು ಮಾಡಿಸಲು ಹೋಗಬೇಡಿ. ಅದು ಕಥೆಗೂ ಸುಳ್ಳು, ನಿಮಗೂ ಸುಳ್ಳು. ಬರೆದದ್ದನ್ನು ಕೂಡಲೇ ತಿದ್ದುವುದೂ ಬೇಡ. ಕಾಯಿ ಗಿಟುಕಾಗಬೇಕಾದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಬೇಕೆಂದು ತಿಪಟೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಉತ್ತರ: ಕೋಲಾರದ ಆಪ್ತಸಮಾಲೋಚಕಿ

ಅಧ್ಯಾಪಕರ ಮಾತಿಗೆ ಸಂಶೋಧನೆಯ ಬೆಂಬಲವೂ ತಕ್ಕಮಟ್ಟಿಗೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರು ಸಹೋದ್ಯೋಗಿಯೊಬ್ಬರೊಂದಿಗೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷದಂತೆ, ತಮ್ಮನ್ನು ಘಾಸಿಗೊಳಿಸಿದ ಅನುಭವಗಳ ಬಗ್ಗೆ ಬರೆದರು. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಒಟ್ಟಿಗೆ ಬರೆದ ಗುಂಪಿನವರು ಮುಂದಿನ ತಿಂಗಳುಗಳಲ್ಲಿ ವಿದ್ಯಾರ್ಥಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಭಾವನೆಗಳನ್ನಷ್ಟೇ ತೋಡಿಕೊಂಡ ಗುಂಪಿನಲ್ಲಿ ಆ ಪ್ರಯೋಜನ ಕಾಣಲಿಲ್ಲ. ನಿಮ್ಮ ದಿನಚರಿಯ ಕಷ್ಟಕ್ಕೆ ಇದು ಹತ್ತಿರದ ಉತ್ತರವೆಂದು ನನಗೆ ತೋರುತ್ತದೆ. ಪೆನ್ನೆಬೇಕರ್ ಅವರ ಮುಂದಿನ ಅಧ್ಯಯನಗಳಲ್ಲಿ, ‘ನಾನು’ ಎಂಬಲ್ಲಿಂದ ಬೇರೆಯವರ ಕಡೆಗೂ ಮತ್ತೆ ‘ನಾನು’ ಎಂಬಲ್ಲಿಗೂ ದಿನದಿಂದ ದಿನಕ್ಕೆ ಓಡಾಡುತ್ತಿದ್ದ ಬರಹಗಾರರಿಗೆ ಹೆಚ್ಚು ಅನುಕೂಲವಾದದ್ದೂ ಕಂಡುಬಂದಿದೆ.

ಹಾಗೆಂದು ಇದನ್ನು ಸಂಜೀವಿನಿ ಎಂದುಕೊಳ್ಳಬಾರದು. ಇಂಥ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ವಿಶ್ಲೇಷಣೆಯೊಂದು, ಪರಿಣಾಮ ಇದೆ, ಆದರೆ ಸರಾಸರಿಯಲ್ಲಿ ಸಣ್ಣದು ಎಂದಿತು. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ, ಅದು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯದೆ ನಿದ್ದೆ ಕೆಟ್ಟರೆ ಅಥವಾ ತಂದೆಯವರ ಸಾವಿನ ನೆನಪು ತಡೆಯಲಾಗದಂತೆ ನುಗ್ಗಿ ಬಂದರೆ ಬರವಣಿಗೆಯನ್ನು ಅಲ್ಲಿಗೇ ನಿಲ್ಲಿಸಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಇನ್ನೊಂದು ಮಾತು: ಮೂರು ತಿಂಗಳು ದಿನವೂ ಇದನ್ನೇ ಬರೆಯುವುದು ನನ್ನ ದೃಷ್ಟಿಯಲ್ಲಿ ಅತಿಯಾಯಿತು. ನಾಲ್ಕೈದು ದಿನ ಒಂದೇ ಪಟ್ಟಿನಲ್ಲಿ ಬರೆದು, ಬಿಟ್ಟು, ಕೆಲವು ವಾರಗಳ ನಂತರ ಮತ್ತೆ ಕೈಗೆತ್ತಿಕೊಳ್ಳುವುದು ಮೇಲು.

ಉತ್ತರ: ಚಿಂತಾಮಣಿಯ ರೈತ

ಇಬ್ಬರೂ ತಿಳಿದವರು, ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗುವ ಭರವಸೆಯಿಲ್ಲ, ಹಾಗಾಗಿ ನೀರಿನ ಜಗಳವನ್ನು ಮನಸ್ಸಿನ ಜಗಳವೆಂದಷ್ಟೇ ನೋಡಲು ನನಗೆ ಆಗುವುದಿಲ್ಲ. ಕಥೆ ಎಷ್ಟು ಚೆನ್ನಾಗಿ ಬಂದರೂ ತಮ್ಮನ ಮರಗಳಿಗೆ ನೀರು ಬರುವುದಿಲ್ಲ. ವಾರದಲ್ಲಿ ಯಾವ ದಿನ ಯಾರ ಸರದಿ, ಮೋಟಾರು ಸುಟ್ಟರೆ ಖರ್ಚು ಯಾರದು ಎಂಬುದನ್ನು ಹಿರಿಯರೊಬ್ಬರ ಮುಂದೆ ಕಾಗದಕ್ಕಿಳಿಸುವುದೂ ಬರವಣಿಗೆಯೇ ಅಲ್ಲವೇ? ಒಳಗಿನ ಬದಲಾವಣೆಯ ಹೆಸರಿನಲ್ಲಿ ಅದನ್ನು ಮುಂದೂಡುತ್ತಾ ಹೋದರೆ, ಬರುವ ಜನವರಿಯಲ್ಲಿ ಮೊದಲ ಪುಟಕ್ಕೆ ಅದೇ ಸಾಲು ಬರುತ್ತದೆ.

ತಿಪಟೂರಿನ ಓದುಗ

ಮೂವರಿಗೂ ವಂದನೆಗಳು. ರಜೆಯ ದಿನಗಳಲ್ಲಿ ಅಣ್ಣನ ಭಾಗವನ್ನು ಬರೆಯಲು ಕುಳಿತೆ. ಕೊಳವೆಬಾವಿ ಕೊರೆಸಲು ಮಾಡಿದ ಸಾಲ ಯಾರ ಹೆಸರಿನಲ್ಲಿತ್ತು, ಅದನ್ನು ತೀರಿಸಿದವರು ಯಾರು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ತಂದೆಯವರೇ ತೀರಿಸಿದ್ದರೆಂದು ಇಷ್ಟು ಕಾಲ ನಂಬಿದ್ದೆ, ಆ ನಂಬಿಕೆಗೆ ನನ್ನ ಬಳಿ ಆಧಾರವೇನೂ ಇಲ್ಲ. ಸಿಟ್ಟು ಹೋಗಿದೆ ಎಂದು ಹೇಳಲಾರೆ, ಆದರೆ ಈಗ ಅದರ ಜೊತೆಗೆ ಒಂದು ಪ್ರಶ್ನೆಯೂ ಇದೆ. ಬರೆದದ್ದನ್ನು ಅಣ್ಣನಿಗೆ ಓದಲು ಕೊಡಬಹುದೇ?

ಉತ್ತರ: ತುಮಕೂರಿನ ಕನ್ನಡ ಅಧ್ಯಾಪಕ

ಕೊಡಬೇಡಿ. ಕುಟುಂಬದ ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ. ನೀವು ಅವರ ಬಾಯಿಗೆ ಹಾಕಿದ ಮಾತುಗಳು ಎಷ್ಟೇ ನ್ಯಾಯವಾಗಿದ್ದರೂ ಅವು ಅವರ ಮಾತುಗಳಲ್ಲ, ಅದನ್ನು ಓದಿದ ಯಾವ ಅಣ್ಣನಿಗಾದರೂ ಬೇಸರವಾಗುತ್ತದೆ. ಕಥೆ ನಿಮ್ಮ ಬಳಿಯೇ ಇರಲಿ, ಸಾಲದ ವಿಷಯವನ್ನು ಮಾತ್ರ ಕೇಳಿ. ಅತ್ತಿಗೆಯವರ ಮೂಲಕ ಬೇಡ, ನೇರವಾಗಿ ಅಣ್ಣನವರನ್ನೇ ಕೇಳಿ. ನೆಂಟರೆಲ್ಲ ಸೇರುವ ಯುಗಾದಿಯ ದಿನವೂ ಬೇಡ. ಅದಕ್ಕೆ ಮುಂಚೆ, ತೋಟದ ಕಡೆ ಅವರೊಬ್ಬರೇ ಸಿಕ್ಕಾಗ ಕೇಳಿ. ಚಿಂತಾಮಣಿಯವರು ಹೇಳಿದ ಸರದಿಯ ಕಾಗದದ ಮಾತನ್ನು ಎತ್ತಲು ಆಮೇಲೆ ದಾರಿಯಾಗಬಹುದು.