ಅಪ್‌ಡೇಟ್: ಪಿತ್ರಾರ್ಜಿತ ಜಮೀನಿನಲ್ಲಿ ಅಕ್ಕನ ಪಾಲು, ಇತ್ಯರ್ಥವಾಯ್ತು

ಹಿಂದೆ ನಾನು ಇಲ್ಲಿ ಕೇಳಿದ್ದು ಇಷ್ಟು: 1990ರಲ್ಲಿ ಮದುವೆಯಾದ ಅಕ್ಕನಿಗೆ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಇದೆಯಾ? ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ, ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಅಡ್ಡಿ ಹೋಯ್ತು. ಆ ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕು ಅನ್ನೋ ವಾದವನ್ನು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ತಳ್ಳಿಹಾಕಿದೆ. ಆದರೆ 20-12-2004ಕ್ಕೆ ಮೊದಲೇ ನೋಂದಣಿಯಾದ ಆಸ್ತಿ ವಿಭಾಗವನ್ನು 2005ರ ತಿದ್ದುಪಡಿ ಮುಟ್ಟಲ್ಲ, ಅದನ್ನು ಮೊದಲು ನೋಡಿಕೊಳ್ಳಿ.

‘ಛಾಪಾ ಕಾಗದದ ಮೇಲೆ ಹಕ್ಕು ಬಿಟ್ಟೆ ಅಂತ ಬರೆಸಿಕೊಳ್ಳಿ’ ಅನ್ನೋ ಸಲಹೆ ನಡೆಯಲಿಲ್ಲ. ನೋಂದಣಿಯಾಗದ ಹಕ್ಕುಬಿಡುಗಡೆ ಪತ್ರ ನಿಲ್ಲಲ್ಲ, ಮೇಲಾಗಿ ಅಕ್ಕನ ಮನಸ್ಸು ಮುರಿಯುತ್ತೆ. ಕೈಹಿಡಿದದ್ದು ‘ಮೊದಲು ಅಳತೆ ಮಾಡಿಸಿ, ಆಮೇಲೆ ಮಾತಾಡಿ’ ಅಂದವರ ಮಾತು. ನಾವು ಮಾಡಿದ ಕ್ರಮ ಇದು: ವಂಶವೃಕ್ಷ, 11ಇ ನಕ್ಷೆ (ಜಮೀನು ಭಾಗ ಮಾಡೋಕೆ ಸರ್ವೆಯವರು ಅಳೆದು ಕೊಡೋ ನಕ್ಷೆ), ಎಲ್ಲರ ಸಹಿಯ ನೋಂದಾಯಿತ ವಿಭಾಗ ಪತ್ರ, ಆಮೇಲೆ ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ).

ನಕ್ಷೆ ಮುಂದಿಟ್ಟಾಗ ಅಕ್ಕ ಬೆರಳಿಟ್ಟದ್ದು ಎಕರೆ ಮೇಲಲ್ಲ, ಬಾವಿ ಪಕ್ಕದ ತೆಂಗಿನ ಸಾಲಿನ ಮೇಲೆ. ಗುಂಟೆ ಲೆಕ್ಕಕ್ಕಿಂತ ಜಗಳ ಹುಟ್ಟೋದು ಇಂಥದ್ದರಲ್ಲೇ. ಬಾವಿ ನೀರಿನ ಸರದಿ, ಪಂಪ್‌ಸೆಟ್ ಕರೆಂಟ್ ಬಿಲ್, ಗಾಡಿದಾರಿಯ ಅಗಲ, ಇಷ್ಟನ್ನೂ ಪತ್ರದಲ್ಲೇ ಬರೆಸಿ.