ಕ್ಲಾಂಪ್ ಸಾಲದಿದ್ದಾಗ ಹಲಗೆ ಬಿಗಿಯೋದು ಹೇಗೆ?

ಕುವೆಂಪುನಗರ, ಮೈಸೂರು: 4 ಅಡಿ ಉದ್ದ, 2 ಅಡಿ ಅಗಲದ ಮೇಜಿಗೆ ಒಂದಿಂಚು ದಪ್ಪದ ಸಿಲ್ವರ್ ಓಕ್ ಹಲಗೆಗಳನ್ನ ಪಕ್ಕಪಕ್ಕ ಅಂಟಿಸಬೇಕು. ಇರೋದು ಎರಡೇ ಸಿ ಕ್ಲಾಂಪ್. ಬಾರ್ ಕ್ಲಾಂಪ್ (ಅಗಲದ ಹಲಗೆ ಬಿಗಿಯೋ ಉದ್ದನೆ ಕ್ಲಾಂಪ್) ಕೊಳ್ಳದೆ ಏನು ಮಾಡಬಹುದು?

ಮಂಡ್ಯ: ರೀಪು, ಬೆಣೆ ಇದ್ದರೆ ಸಾಕು ಸರ್. 2×1½ ಇಂಚಿನ ರೀಪನ್ನ 33 ಇಂಚಿಗೆ ಕೊಯ್ದುಕೊಳ್ಳಿ. ಎರಡೂ ತುದಿಗೆ 3 ಇಂಚು ಉದ್ದ, 2 ಇಂಚು ಎತ್ತರದ ಗಟ್ಟಿ ಮರದ ತುಂಡು ಅಂಟಿಸಿ, ಕೆಳಗಿಂದ 3 ಇಂಚಿನ ಎರಡೆರಡು ಸ್ಕ್ರೂ ಹಾಕಿ. ಸ್ಕ್ರೂ ಎರಡೂ ಒಂದೇ ಎಳೆ ಮೇಲೆ ಬಿದ್ದರೆ ತುಂಡು ಸೀಳುತ್ತೆ. ಓರೆಗೆ ಗುರುತು ಮಾಡಿ, ಮೊದಲು ತೂತು ಕೊರೆಯಿರಿ. ತುಂಡುಗಳ ನಡುವೆ 26¾ ಇಂಚು ಬರಬೇಕು: ಮೇಜಿಗೆ 24, ಕಾಪು ಪಟ್ಟಿಗೆ (ಮೇಜಿನ ಅಂಚಿಗೂ ಬೆಣೆಗೂ ನಡುವೆ ಇಡೋ ಮರದ ಪಟ್ಟಿ) 1, ಬೆಣೆ ಜೋಡಿಗೆ 1¾.

ಬೆಣೆಗೆ 8 ಇಂಚು ಉದ್ದ, 2 ಇಂಚು ಅಗಲ, 1 ಇಂಚು ದಪ್ಪದ ತುಂಡು. ಒಂದು ತುದಿಯಲ್ಲಿ ½, ಇನ್ನೊಂದರಲ್ಲಿ 1½ ಇಂಚಿಗೆ ಗುರುತಿಟ್ಟು ಓರೆಯಾಗಿ ಕೊಯ್ದರೆ ಜೋಡಿ ಸಿಕ್ಕಿತು. 8ಕ್ಕೆ 1 ಇಳಿಜಾರು. 4ಕ್ಕೆ 1 ಮಾಡಿದರೆ ಸುತ್ತಿಗೆಯ ಅದುರಿಗೇ ಹಿಂದಕ್ಕೆ ಜಾರುತ್ತೆ. ಬೆಣೆಗೆ ಮೇಣ, ಎಣ್ಣೆ ಸೋಕಿಸಬೇಡಿ. ಎರಡೂ ಕಡೆಯಿಂದ ಸರಿಸಮ ಹೊಡೀರಿ, ಕಾಪು ಪಟ್ಟಿ ಮರೀಬೇಡಿ. ಇಲ್ಲದಿದ್ದರೆ ಅಂಚಿನ ಹಲಗೆ ಬೆಣೆ ಜೊತೆಗೇ ಓಡುತ್ತೆ.

ಶ್ರೀರಂಗಪಟ್ಟಣ: ಮೇಲಿನದಕ್ಕೆ ಸೇರಿಸೋದು. ತುಂಡು ಹಾಕಿದ ಇಂಥ ರೀಪು ಐದು ಬೇಕು. ತುದಿಯಿಂದ 4 ಇಂಚು ಬಿಟ್ಟು, ಆಮೇಲೆ 10 ಇಂಚಿಗೊಂದು. ಮೂರು ಕೆಳಗೆ, ಎರಡು ಮೇಲೆ ಬೋರಲು, ಒಂದು ಬಿಟ್ಟು ಒಂದು. ಎಲ್ಲಾ ಕೆಳಗೇ ಇಟ್ಟರೆ ಬಿಗಿದಾಗ ರೀಪು ಬಾಗಿ, ಮೇಜು ಕಮಾನಾಗುತ್ತೆ. ಬೋರಲು ಇಟ್ಟವುಗಳ ಬೆಣೆಯನ್ನ ಯಾರಾದರೂ ಹಿಡಿದುಕೊಳ್ಳಬೇಕು, ಇಲ್ಲ ಬಿದ್ದುಹೋಗುತ್ತೆ. ಅಂಟು ತಾಗೋ ಜಾಗಕ್ಕೆಲ್ಲ ಪ್ಯಾಕಿಂಗ್ ಟೇಪ್ ಹಾಕಿ, ಇಲ್ಲದಿದ್ದರೆ ರೀಪೂ ಮೇಜಿನ ಭಾಗವೇ ಆಯ್ತು ಅನ್ಕೊಳ್ಳಿ! ನಿಮ್ಮ ಎರಡು ಸಿ ಕ್ಲಾಂಪನ್ನ ಹಲಗೆಗಳ ತುದಿಯಲ್ಲಿ, ಸಂದಿನ ಮೇಲೆ ಹಾಕಿ. ಹಲಗೆ ಮೇಲೆ ಕೆಳಗೆ ಆಗೋದು ತಪ್ಪುತ್ತೆ.

ಅಂಟಿಲ್ಲದೆ ಒಮ್ಮೆ ಬಿಗಿದು ನೋಡಿ. ಆಗ ಹಲಗೆಗಳ ನಡುವೆ ಸಂದು ಕಂಡರೆ ಹತ್ತರಿ (ಮರ ಹೆರೆಯೋ ಉಪಕರಣ) ಹಿಡಿದು ಅಂಚು ಸಮ ಮಾಡಬೇಕು. ಬೆಣೆ ಜೋರಾಗಿ ಹೊಡೆದು ಮುಚ್ಚಿದ ಸಂದು ಮುಂದೆ ಬಿಟ್ಟೇಬಿಡುತ್ತೆ. ಫೆವಿಕಾಲ್ ಸಂದಿನುದ್ದಕ್ಕೂ ಸಣ್ಣ ಮಣಿಗಳಂತೆ ಹೊರಬಂದರೆ ಬಿಗಿ ಸಾಕು. ಸುರಿದರೆ ಅಂಟು ಜಾಸ್ತಿ, ಎಲ್ಲೋ ಒಂದು ಕಡೆ ಬರದೇ ಇದ್ದರೆ ಅಲ್ಲಿ ಅಂಟಿಲ್ಲ ಅಥವಾ ಒತ್ತಿಲ್ಲ. ರಾತ್ರಿಯಿಡೀ ಬಿಡಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ಕುವೆಂಪುನಗರ: ಕೆಳಗಿನ ಚೌಕಟ್ಟಿನ ಮೂಲೆಗಳಿಗೆ? ಕಾಲು ದುಂಡಗಿದೆ, ಕ್ಲಾಂಪ್ ನಿಲ್ಲಲ್ಲ.

ಮಂಡ್ಯ: ಮೂಲೆಗೆ ಪ್ಲೈವುಡ್‌ನಲ್ಲಿ ಎಲ್ ಆಕಾರದ ನಾಲ್ಕು ತುಂಡು. ಒಳಮೂಲೆಯಲ್ಲಿ 10 ಮಿ.ಮೀ. ತೂತು ಹಾಕಿದರೆ ಹೊರಬಂದ ಅಂಟು ಅಲ್ಲಿ ಸೇರುತ್ತೆ, ತುಂಡು ಕಚ್ಚಿಕೊಳ್ಳಲ್ಲ. ಸುತ್ತ ಹಗ್ಗ ಕಟ್ಟಿ, ಕಡ್ಡಿ ತೂರಿಸಿ ತಿರುಚಿ. ಎರಡು ಕರ್ಣ ಅಳೆಯಿರಿ, ಒಂದೇ ಬರಬೇಕು. ಮೂಲೆಮಟ್ಟ ಮಾತ್ರ ನಂಬಬೇಡಿ.

ಶ್ರೀರಂಗಪಟ್ಟಣ: ದುಂಡನೆ ಕಾಲಿಗೆ ಸೈಕಲ್ ಟ್ಯೂಬ್ ಒಳ್ಳೇದು. ಪಂಕ್ಚರ್ ಅಂಗಡಿಯಲ್ಲಿ ಹಳೇದು ಸಿಗುತ್ತೆ. ಒಂದಿಂಚು ಅಗಲದ ಪಟ್ಟಿ ಕತ್ತರಿಸಿ, ಚೆನ್ನಾಗಿ ಎಳೆದು, ಸುತ್ತಿನ ಮೇಲೆ ಸುತ್ತು ಹಾಕಿ, ಕೊನೆಯನ್ನ ಒಳಗೆ ತೂರಿಸಿ. ಸಿಲ್ವರ್ ಓಕ್ ತಿಳಿ ಬಣ್ಣ, ರಬ್ಬರ್ ಕಪ್ಪು ಕೂರುತ್ತೆ. ಮೊದಲು ಬಿಳಿ ಕಾಗದ ಸುತ್ತಿ. ಚಪ್ಪಟೆ ಹಲಗೆಗೆ ಇದು ಬೇಡ, ಮೂಲೆಯಲ್ಲಷ್ಟೇ ಒತ್ತುತ್ತೆ, ನಡುವೆ ಸಡಿಲ.